ಮಾರ್ಚ್ ಮುಗೀತು, ಮಾವನವರೂ ಚೇತರಿಸಿಕೊಂಡರು. ಈಗ ನನಗೆ ಅಂತ ಏನು ತಗೊಳ್ಳಲಿ?

ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕಪತ್ರ ನನ್ನ ಕೆಲಸ. ಫೆಬ್ರವರಿಯಲ್ಲಿ ನಮ್ಮ ಮಾವನವರಿಗೆ ಎದೆನೋವು ಬಂದು ಬೈಪಾಸ್ ಆಪರೇಷನ್ ಆಯ್ತು. ಅವರು ಆಸ್ಪತ್ರೆಯಿಂದ ಮನೆಗೆ ಬರೋ ಹೊತ್ತಿಗೆ ಕಚೇರಿಯಲ್ಲಿ ವರ್ಷಾಂತ್ಯ ಶುರು. ಮಾರ್ಚ್ 31ರ ಒಳಗೆ ಸಾಲ ವಸೂಲಿ, ಠೇವಣಿ ಬಡ್ಡಿ ಲೆಕ್ಕ, ವಸೂಲಾಗದ ಸಾಲಕ್ಕೆ ತೆಗೆದಿಡಬೇಕಾದ ಮೊತ್ತ, ಆಮೇಲೆ ಆಡಿಟ್‌ನವರು ಕೇಳೋ ಪಟ್ಟಿಗಳು. ಬೆಳಿಗ್ಗೆ ಮಾವನವರ ಮಾತ್ರೆ, ಅವರಿಗೆ ಬೇರೆ ಉಪ್ಪು ಕಡಿಮೆ ಅಡುಗೆ, ಮಗನ ಡಬ್ಬಿ. ರಾತ್ರಿ ಬಂದು ಮತ್ತೆ ಅದೇ. ಯುಗಾದಿಗೆ ಹೋಳಿಗೆ ಮಾಡಿದ್ದು ನೆನಪಿದೆ, ತಿಂದಿದ್ದು ನೆನಪಿಲ್ಲ.

ಈಗ ಮೇ. ಆಡಿಟ್ ಮುಗಿದಿದೆ. ಮಾವನವರು ದಿನಾ ಬೀದಿ ಕೊನೇವರೆಗೂ ನಡೆದು ಬರ್ತಾರೆ. ಸಂಘದವರು ವರ್ಷಾಂತ್ಯದ ಹೆಚ್ಚಿನ ಕೆಲಸಕ್ಕೆ ಅಂತ ಆರು ಸಾವಿರ ಕೊಟ್ಟಿದ್ದಾರೆ. "ಇದನ್ನ ಮನೆ ಖರ್ಚಿಗೆ ಸೇರಿಸಬೇಡ, ನಿನಗೆ ಅಂತ ಏನಾದ್ರೂ ತಗೋ" ಅಂತ ನಮ್ಮ ಮನೆಯವರೇ ಹೇಳಿದ್ರು. ಖುಷಿ ಆಯ್ತು. ಆದ್ರೆ ಅಂಗಡಿಗೆ ಹೋದ್ರೆ ಕಣ್ಣು ಹೋಗೋದು ಹೊಸ ಕುಕ್ಕರ್ ಮೇಲೆ, ಮಗನ ಶೂ ಮೇಲೆ. ನನಗೆ ಏನು ಬೇಕು ಅನ್ನೋದೇ ಹೊಳೀತಿಲ್ಲ. ಒಂದು ಶನಿವಾರ, ಭಾನುವಾರಕ್ಕೆ ಸೋಮವಾರ ಸೇರಿಸಿ ರಜೆ ಕೂಡ ಸಿಗುತ್ತೆ. ಇಂಥ ಹೊತ್ತಲ್ಲಿ ನೀವೆಲ್ಲ ಏನು ಮಾಡ್ತೀರಿ? ವಸ್ತು, ಊಟ, ಪ್ರವಾಸ, ಏನಾದ್ರೂ ಸರಿ, ಹೇಳಿ.

ರಾತ್ರಿಪಾಳಿ

ಅಕ್ಕ, ನಾನು ನರ್ಸ್. ರೋಗಿಯ ಹಾಸಿಗೆ ಪಕ್ಕ ಕೂತಿರೋ ಸೊಸೆಯಂದಿರನ್ನ, ಹೆಣ್ಣುಮಕ್ಕಳನ್ನ ದಿನಾ ನೋಡ್ತೀನಿ. ರೋಗಿಗೆ ಎಷ್ಟು ಹೊತ್ತಿಗೆ ಏನು ಕೊಡಬೇಕು ಅಂತ ಅವರಿಗೆ ಬಾಯಿಪಾಠ ಆಗಿರುತ್ತೆ. ತಾವು ಊಟ ಮಾಡಿದ್ರಾ ಅಂತ ಕೇಳಿದ್ರೆ ಯೋಚನೆ ಮಾಡ್ತಾರೆ. ಹಾಗಾಗಿ ಏನು ಬೇಕು ಅಂತ ಹೊಳೀತಿಲ್ಲ ಅಂದ್ರಲ್ಲ, ಅದು ಸಹಜ. ತಿಂಗಳುಗಟ್ಟಲೆ ಬೇರೆಯವರ ಹಸಿವು, ಬೇರೆಯವರ ನೋವು ಲೆಕ್ಕ ಇಟ್ಟ ಮೇಲೆ ನಮ್ಮದು ಅಷ್ಟು ಬೇಗ ತಿಳಿಯಲ್ಲ.

ಅದಕ್ಕೇ ಮೊದಲ ವಾರ ಏನನ್ನೂ ಕೊಳ್ಳಬೇಡಿ. ಮೊದಲು ನಿದ್ದೆ. ಒಂದು ಭಾನುವಾರ ಮನೆಯವರಿಗೆ ಹೇಳಿ ತಲೆಗೂ ಮೈಗೂ ಹರಳೆಣ್ಣೆ ಹಚ್ಚಿಕೊಂಡು, ಸೀಗೆಪುಡಿ ಹಾಕಿ ಸುಡುನೀರಿನ ಸ್ನಾನ ಮಾಡಿ. ತಲೆ ಒಣಗೋ ಮುಂಚೆ ಬಿಸಿ ಅನ್ನ, ಮೆಣಸಿನ ಸಾರು, ತುಪ್ಪ. ಅದನ್ನು ಬೇರೆ ಯಾರಾದ್ರೂ ಮಾಡಿ ಬಡಿಸಬೇಕು, ಇದು ಮುಖ್ಯ. ಊಟ ಆದ ಮೇಲೆ ಫೋನ್ ಬೇರೆ ಕೋಣೆಯಲ್ಲಿಟ್ಟು ಮಲಗಿ. ಎದ್ದ ಮೇಲೆ ಏನು ಬೇಕು ಅಂತ ತಾನಾಗೇ ಗೊತ್ತಾಗುತ್ತೆ.

ಲೆಕ್ಕಾಚಾರ

ನನ್ನ ಅಭಿಪ್ರಾಯ ಬೇರೆ. ಆಸ್ಪತ್ರೆ ಖರ್ಚು ಈಗಷ್ಟೇ ಆಗಿದೆ. ಆರು ಸಾವಿರ ಕೈಯಲ್ಲಿದ್ದರೆ ಒಂದು ಆರ್‌ಡಿಗೆ ಹಾಕಿ, ಇಲ್ಲವೇ ಬಂಗಾರದ ಚೀಟಿಗೆ ಕಟ್ಟಿ. ಸೀರೆ ನಾಲ್ಕು ಸಲ ಉಟ್ಟ ಮೇಲೆ ಬೀರು ಸೇರುತ್ತೆ, ಊಟ ಮರುದಿನಕ್ಕೆ ಇರಲ್ಲ. ಮುಂದೆ ಇಂಥದ್ದೇ ಕಷ್ಟ ಬಂದಾಗ ಈ ದುಡ್ಡು ಕೈಗೆ ಬಂದರೆ ಅದಕ್ಕಿಂತ ನೆಮ್ಮದಿ ಬೇರೆ ಇಲ್ಲ.

ಧಾರವಾಡದಾಕಿ

ಲೆಕ್ಕಾಚಾರ ಅಣ್ಣಾರ, ಅವರು ವರ್ಷಪೂರ್ತಿ ಮಂದಿ ಆರ್‌ಡಿ ಲೆಕ್ಕಾನ ಬರೀತಾರ್ರಿ. ಒಂದು ಆರು ಸಾವಿರ ಅವರ ಮೈಮ್ಯಾಲೆ ಬರಲಿ ಬಿಡ್ರಿ.

ಬೆಣ್ಣೆನಗರಿ ಅಕ್ಕಾರ, ನಾ ಹೇಳೂದು ಒಂದ ಮಾತು. ಇಳಕಲ್ ಸೀರಿ. ಅದೂ ಕೈಮಗ್ಗದ್ದು, ಅಪ್ಪಟ ರೇಷ್ಮಿ ಸೆರಗಿಂದು. ಅಂಗಡ್ಯಾಗ ಇಳಕಲ್ ಅಂತ ಕೊಡೂದೆಲ್ಲಾ ಒಂದ ತರದ್ದು ಇರೂದಿಲ್ಲ, ಅದಕ್ಕ ಸ್ವಲ್ಪ ಬಿಡಿಸಿ ಹೇಳ್ತೇನಿ. ಮಗ್ಗದಾಗ ಉದ್ದಕ ಹಾಯೂ ಎಳಿಗೆ ಹಾಸು ಅಂತಾರ. ಈ ಸೀರಿಯೊಳಗ ಒಡಲಿನ ಹಾಸು ಹತ್ತಿದು, ಸೆರಗಿನ ಹಾಸು ರೇಷ್ಮಿದು. ಎರಡೂ ಹಾಸಿನ ಎಳಿಗೋಳನ್ನ ಒಂದಕ್ಕೊಂದು ಕೊಂಡಿ ಹಾಕಿ ಕೂಡಸ್ತಾರ. ಮಗ್ಗಕ್ಕ ಹಾಸು ಏರಿಸೂ ಮುಂಚೆ ಒಬ್ಬರು ಕುಂತು ಒಂದೊಂದ ಎಳಿ ಜೋಡಿಸಬೇಕು. ಒಂದು ಸೀರಿಗೆ ಎಷ್ಟು ಬೇಕೋ ಅಷ್ಟ ಹಾಸು ಹಿಂಗ ತಯಾರ ಆಗೂದು. ಕೆಂಪು ಸೆರಗಿನ ಮ್ಯಾಲೆ ಬಿಳೇ ತೆನಿ ಎದ್ದು ಕಾಣತಾವಲ್ಲ, ಅದಕ್ಕ ಟೋಪ ತೆನಿ ಅಂತಾರ. ದಡಿಯೊಳಗ ಚಿಕ್ಕಿ ಪರಾಸ, ಗೋಮಿ, ಗಾಡಿ ಅಂತ ಬ್ಯಾರೆ ಬ್ಯಾರೆ ಅದಾವ. ನನಗ ಕೇಳಿದ್ರ ಚಿಕ್ಕಿ ಪರಾಸ.

ಅಂಗಡಿಯವರಿಗೆ ನೇರ ಕೇಳ್ರಿ: ಸೆರಗು ರೇಷ್ಮಿಯೋ ಚಮಕಾನೋ? ಚಮಕಾ ಅಂದ್ರ ಕೃತಕ ರೇಷ್ಮಿ. ಮಿಂಚು ಜಾಸ್ತಿ, ರೊಕ್ಕ ಕಡಿಮಿ. ಅದೂ ಕೆಟ್ಟದ್ದಲ್ಲ, ಆದ್ರ ನೀವು ಇಷ್ಟು ದಿನ ದುಡಿದು ತಗೊಳ್ಳೂ ಸೀರಿ ಅಪ್ಪಟಾನ ಇರ್ಲಿ. ಸೆರಗು ಎಲ್ಲೆ ಶುರು ಆಗತೈತೋ ಅಲ್ಲೆ ತಿರುವಿ ನೋಡ್ರಿ, ಕೊಂಡಿ ಹಾಕಿದ ಗೆರಿ ಕಾಣತೈತಿ. ಕುಬಸಕ್ಕ ಗುಳೇದಗುಡ್ಡದ ಖಣ ತಗೋರಿ. ಎರಡೂ ಸೇರಿ ನಿಮ್ಮ ರೊಕ್ಕದಾಗ ಬರತಾವ. ನಾಕ ಸಲ ಉಟ್ಟು ಬೀರು ಸೇರೂ ಸೀರಿ ಅಲ್ಲಿದು. ನಮ್ಮವ್ವ ಉಟ್ಟದ್ದನ್ನ ನಾ ಈಗ ಉಡತೇನಿ.

ಹಳೇ ಮೈಸೂರು

ಸೀರೆ ಮಾತು ಬಂತಲ್ಲ, ಮೈಸೂರು ಸಿಲ್ಕ್ ಹೇಳೋಣ ಅಂತಿದ್ದೆ. ಮೈಸೂರಿನ ಮಾನಂದವಾಡಿ ರಸ್ತೆ ಕಾರ್ಖಾನೆ 1912ರಿಂದ ನಡೀತಿದೆ. ಅಲ್ಲಿನ ಸೀರೆ ಕೈಗೆ ತಗೊಂಡಾಗ ಆಗೋ ತಂಪು ಬೇರೆ ಯಾವುದರಲ್ಲೂ ಸಿಗಲ್ಲ. ಆದ್ರೆ ಈಗಿನ ಬೆಲೆ ನಿಮ್ಮ ಆರು ಸಾವಿರಕ್ಕೆ ಬಹಳ ದೂರ. ಹಾಗಾಗಿ ಧಾರವಾಡದವರ ಮಾತಿಗೇ ನನ್ನ ಮತ.

ಇನ್ನೊಂದು ಸಣ್ಣದು. ಒಬ್ಬರೇ ಹೋಗಿ ತಿಂಡಿ ತಿನ್ನಿ ಅಕ್ಕ. ನಾನು ಮಗಳ ಮದುವೆ ಮುಗಿದ ಮೇಲೆ ಇದನ್ನ ರೂಢಿ ಮಾಡ್ಕೊಂಡೆ. ಬೆಂಗಳೂರಿಗೆ ಹೋದಾಗಲೆಲ್ಲ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಬೆಳಿಗ್ಗೆ ಬೇಗ ಹೋಗಿ ಕೂತ್ಕೋತೀನಿ. 1943ರ ಹೋಟೆಲು, ಶುಕ್ರವಾರ ರಜಾ. ದೋಸೆ ಬರೋವರೆಗೂ ಯಾರ ತಟ್ಟೆಗೂ ಏನೂ ಬಡಿಸಬೇಕಾಗಿಲ್ಲ, ಯಾರಿಗೆ ಸಾಕಾಯ್ತು ಯಾರಿಗೆ ಬೇಕು ಅಂತ ನೋಡಬೇಕಾಗಿಲ್ಲ. ನಿಮ್ಮೂರಲ್ಲಿ ಬೆಣ್ಣೆ ದೋಸೆಗೆ ಏನು ಕಡಿಮೆ? ಒಂದು ದಿನ ಕಚೇರಿಗೆ ಹೋಗೋ ದಾರಿಯಲ್ಲೇ ಇಳಿದು, ಬಿಸಿ ಬೆಣ್ಣೆ ದೋಸೆ ಕೂತು ತಿಂದು ಹೋಗಿ. ಪಾರ್ಸೆಲ್ ಮಾತ್ರ ಕಟ್ಟಿಸಬೇಡಿ.

ಘಟ್ಟದ ಗಾಡಿ

ಪ್ರವಾಸ ಅಂತ ಕೇಳಿದ್ದೀರಿ, ಅದಕ್ಕೆ ನನ್ನ ಉತ್ತರ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಹಗಲು ರೈಲಿನಲ್ಲಿ ಘಟ್ಟ ಇಳಿಯಿರಿ. ಸುಮಾರು 55 ಕಿಲೋಮೀಟರ್ ದಾರಿಯಲ್ಲಿ 57 ಸುರಂಗ, 109 ಸೇತುವೆ. ಮೊದಲು ಇದು ಮೀಟರ್ ಗೇಜ್, 1979ರಲ್ಲಿ ಶುರುವಾದದ್ದು. ಬ್ರಾಡ್‌ಗೇಜ್ ಆದ ಮೇಲೆ 2007ರಲ್ಲಿ ಪ್ರಯಾಣಿಕರ ಗಾಡಿ ಮತ್ತೆ ಓಡತೊಡಗಿತು. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವಷ್ಟು ಕಡಿದಾದ ದಾರಿ, ಹಾಗಾಗಿ ಗಾಡಿ ಬಹಳ ನಿಧಾನ. ಆ ನಿಧಾನವೇ ಚೆಂದ. ಸುರಂಗದ ಕತ್ತಲಿನಿಂದ ಆಚೆ ಬಂದ ಕೂಡಲೇ ಕೆಳಗೆ ಕಣಿವೆ, ಮರು ಕ್ಷಣ ಮತ್ತೆ ಕತ್ತಲು. ಮೊಬೈಲ್ ಸಿಗ್ನಲ್ ಹೆಚ್ಚು ಕಡೆ ಇರುವುದಿಲ್ಲ. ನಿಮಗೆ ಬೇಕಾದದ್ದು ಅದೇ ಇರಬಹುದು.

2021ರಿಂದ ಬೆಂಗಳೂರು–ಮಂಗಳೂರು ಹಗಲು ಗಾಡಿಗೆ ವಿಸ್ಟಾಡೋಮ್ ಬೋಗಿ ಸೇರಿಸಿದ್ದಾರೆ. ದೊಡ್ಡ ಗಾಜಿನ ಕಿಟಕಿ, ಛಾವಣಿಯಲ್ಲೂ ಗಾಜು, ಬೋಗಿಗೆ 44 ಸೀಟು, ಸೀಟನ್ನು ತಿರುಗಿಸಿಕೊಳ್ಳಬಹುದು. ದಾವಣಗೆರೆಯಿಂದ ನೀವು ಅರಸೀಕೆರೆಗೆ ಬಂದು, ಅಲ್ಲಿಂದ ಹಾಸನ ಅಥವಾ ಸಕಲೇಶಪುರ ಸೇರಿ ಹತ್ತಬೇಕು. ಒಂದು ಎಚ್ಚರಿಕೆ: ಘಟ್ಟದಲ್ಲಿ ಹಳಿ ಕೆಲಸ ನಡೆದಾಗ, ಮಳೆಗಾಲದಲ್ಲಿ ಮಣ್ಣು ಕುಸಿದಾಗ ಹಗಲಿನ ಗಾಡಿ ನಿಲ್ಲಿಸುತ್ತಾರೆ. ಟಿಕೆಟ್ ಮಾಡಿಸುವ ಮುಂಚೆ ವಿಚಾರಿಸಿ. ಮತ್ತೆ, ಮೇ ತಿಂಗಳಲ್ಲಿ ಕಾಡು ಒಣಗಿರುತ್ತದೆ. ನಿಜವಾದ ಹಸಿರು ನೋಡಬೇಕೆಂದರೆ ಸೆಪ್ಟೆಂಬರ್, ಅಕ್ಟೋಬರ್. ಜೋಗಕ್ಕೂ ಇದೇ ಮಾತು. ಬೇಸಿಗೆಯಲ್ಲಿ ಹೋದರೆ ಬಂಡೆ ನೋಡಿಕೊಂಡು ಬರಬೇಕಾಗುತ್ತದೆ.

ಬೆಣ್ಣೆನಗರಿ

ಇಷ್ಟೊಂದು ಜನ ಬರೀತೀರಿ ಅಂತ ಅಂದ್ಕೊಂಡಿರ್ಲಿಲ್ಲ. ಒಬ್ಬೊಬ್ಬರ ಮಾತೂ ಕೂತು ಓದಿದೆ. ಧಾರವಾಡದಾಕಿ ಅವರೇ, ಕೊಂಡಿ ವಿಷಯ ನನಗೆ ಗೊತ್ತೇ ಇರ್ಲಿಲ್ಲ, ನಮ್ಮಮ್ಮನ ಸೀರೆ ತೆಗೆದು ನೋಡಿದೆ, ಗೆರೆ ಇದೆ!

ಆದ್ರೆ ಒಂದು ಮಾತು ಹೇಳ್ಬೇಕು. ಸೀರೆ ಆಸೆ ಆಯ್ತು. ರೈಲು ಆಸೆ ಆಯ್ತು. ಅಷ್ಟರಲ್ಲೇ, "ನಾನು ಹೋದ್ರೆ ಮಾವನವರ ಮಾತ್ರೆ ಯಾರು ಕೊಡ್ತಾರೆ, ಅತ್ತೆಯವರಿಗೆ ಮಂಡಿನೋವು, ಮಗ ಏನು ತಿಂತಾನೆ" ಅನ್ನೋದು ಶುರು. ಎಲ್ಲರನ್ನೂ ಕರ್ಕೊಂಡು ಹೋಗೋಣ ಅಂದ್ರೆ ಅಲ್ಲೂ ಅದೇ ಕೆಲಸ. ಮನೆಯಲ್ಲಿ ಯಾರೂ ಬೇಡ ಅನ್ನಲ್ಲ. ಅತ್ತೆಯವರು "ಹೋಗಿ ಬಾರಮ್ಮ" ಅಂತಾನೇ ಅಂತಾರೆ. ನನ್ನ ಮನಸ್ಸೇ ಒಪ್ತಿಲ್ಲ. ನಿಮಗೆ ಯಾರಿಗಾದ್ರೂ ಹೀಗೆ ಆಗಿದ್ಯಾ?

ಪಾಠದ ಮೇಡಂ

ಆಗಿದೆ ಕಣ್ರೀ, ಬಹಳ ಜನಕ್ಕೆ ಆಗುತ್ತೆ. ನಾನು ಮನಃಶಾಸ್ತ್ರ ಪಾಠ ಮಾಡ್ತೀನಿ, ಅದಕ್ಕೇ ಇದರ ಬಗ್ಗೆ ಸ್ವಲ್ಪ ಬರೀತೀನಿ.

ದುಡಿತದ ದಣಿವಿನಿಂದ ಜನ ಹೇಗೆ ಚೇತರಿಸಿಕೊಳ್ಳುತ್ತಾರೆ ಅನ್ನೋದರ ಮೇಲೆ ಜರ್ಮನಿಯ ಸಬೀನೆ ಸೋನೆನ್‌ಟಾಗ್ ಬಹಳ ಕೆಲಸ ಮಾಡಿದ್ದಾರೆ. 2007ರಲ್ಲಿ ಶಾರ್ಲಟ್ ಫ್ರಿಟ್ಸ್ ಜೊತೆ ಸೇರಿ ಅವರು ನಾಲ್ಕು ಅನುಭವಗಳನ್ನು ಗುರುತಿಸಿದರು. ಕೆಲಸದ ಯೋಚನೆಯಿಂದ ಮನಸ್ಸು ಪೂರ್ತಿ ಬಿಡಿಸಿಕೊಳ್ಳೋದು ಒಂದು. ಮೈಮನಸ್ಸು ಸಡಿಲಾಗೋದು ಎರಡನೇದು. ಕೆಲಸಕ್ಕೆ ಸಂಬಂಧವೇ ಇಲ್ಲದ ಏನನ್ನಾದರೂ ಕಲಿತು, ಅದರಲ್ಲಿ ಕೈ ಪಳಗುವ ಖುಷಿ ಮೂರನೇದು. ನಾಲ್ಕನೇದು, ನನ್ನ ಹೊತ್ತನ್ನು ಹೇಗೆ ಕಳೆಯಬೇಕು ಅಂತ ನಾನೇ ತೀರ್ಮಾನಿಸೋದು.

ನಿಮ್ಮ ಮಾತು ಓದಿದಾಗ ನನಗೆ ಕಂಡದ್ದು ಈ ನಾಲ್ಕನೇದೇ. ಆ ಮೂರು ತಿಂಗಳು ನಿಮ್ಮ ಒಂದು ಗಂಟೆಯೂ ನಿಮ್ಮ ಕೈಯಲ್ಲಿರಲಿಲ್ಲ. ಬೆಳಿಗ್ಗೆಯನ್ನು ಮಾತ್ರೆ ಡಬ್ಬಿ ನಡೆಸಿತು, ಹಗಲನ್ನು ಆಡಿಟ್ ಪಟ್ಟಿ. ಹಾಗಿದ್ದ ಮೇಲೆ ಯಾವ ವಸ್ತು ಚೆನ್ನ ಅಂತ ಕೇಳ್ಕೊಳ್ಳೋ ಮೊದಲು, ಈ ಮೂರು ತಿಂಗಳು ನನ್ನಿಂದ ಏನನ್ನು ತಗೊಂಡು ಹೋಯ್ತು ಅಂತ ಕೇಳ್ಕೊಳ್ಳಿ. ನಿದ್ದೆ ಹೋಗಿದ್ದರೆ ನಿದ್ದೆ ತಗೊಳ್ಳಿ. ಗೆಳತಿಯರ ಜೊತೆ ಮಾತು ಹೋಗಿದ್ದರೆ ಗೆಳತಿಯ ಮನೆಗೆ ಹೋಗಿ. ಕನ್ನಡಿ ಮುಂದೆ ಸೀರೆ ಉಟ್ಟು ನಿಲ್ಲೋದು ತಪ್ಪಿ ಹೋಗಿದ್ದರೆ ಸೀರೆ. ಹೋದದ್ದು ಒಂದು, ತಂದದ್ದು ಇನ್ನೊಂದು ಆದ್ರೆ ಎಷ್ಟು ಬೆಲೆಯದ್ದು ತಂದರೂ ದಣಿವು ಹಾಗೇ ಉಳಿಯುತ್ತೆ.

ಇನ್ನೊಂದು ವಿಷಯ. 2010ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಪ್ರವಾಸ ಹೋಗುವವರ ಮೇಲೆ ಒಂದು ಅಧ್ಯಯನ ನಡೆದಿತ್ತು. ಪ್ರವಾಸಕ್ಕೆ ಮುಂಚೆ ಅವರ ಖುಷಿ ಬೇರೆಯವರಿಗಿಂತ ಹೆಚ್ಚಿತ್ತು. ಬಂದ ಮೇಲೂ ಖುಷಿ ಹೆಚ್ಚೇ ಉಳಿದದ್ದು, ಪ್ರವಾಸದಲ್ಲಿ ಬಹಳ ನಿರಾಳವಾಗಿದ್ದೆವು ಅಂತ ಹೇಳಿದವರಿಗೆ ಮಾತ್ರ. ಅದಕ್ಕೇ ಎರಡು ಮಾತು: ದಿನ ಈಗಲೇ ಗೊತ್ತು ಮಾಡಿ, ಕಾಯೋ ಖುಷಿ ಸಿಗುತ್ತೆ. ಮತ್ತೆ ನಾಲ್ಕು ಊರು ಸುತ್ತೋ ಪ್ರವಾಸ ಬೇಡ.

ಕರಾವಳಿಯವ

ಮೇಡಂ ಹೇಳಿದ್ದು ಸರಿ ಉಂಟು. ನನಗೆ ಹೋಗಿಬಿಡುವುದು ಯಾವಾಗಲೂ ಆಟ. ಯಕ್ಷಗಾನ ಮಾರಾಯ್ರೆ. ನಮ್ಮದು ಹೋಟೆಲ್ ವ್ಯಾಪಾರ. ಮದುವೆ, ಗೃಹಪ್ರವೇಶದ ಅಡುಗೆ ವಹಿಸಿಕೊಂಡರೆ ತಿಂಗಳುಗಟ್ಟಲೆ ರಾತ್ರಿ ಹಗಲು ಗೊತ್ತಾಗುವುದಿಲ್ಲ. ಒಮ್ಮೆ ಕೆಲಸ ಇಳಿಯಿತು ಅಂತ ಆದ ಕೂಡಲೇ ಹತ್ತಿರದಲ್ಲಿ ಯಾವ ಮೇಳದ ಆಟ ಉಂಟು ಅಂತ ನೋಡುತ್ತೇನೆ. ಕೆಲವು ಮೇಳಗಳದ್ದು ಈಗ ಕಾಲಮಿತಿ, ಮಧ್ಯರಾತ್ರಿಗೆ ಮುಗಿಯುತ್ತದೆ. ನನಗೆ ಬೆಳಗಿನವರೆಗಿನ ಬಯಲಾಟವೇ ಆಗಬೇಕು. ಚೆಂಡೆ ಶುರುವಾದ ಮೇಲೆ ಬಾಕಿ ಬಿಲ್ಲು, ಗ್ಯಾಸ್ ಸಿಲಿಂಡರ್, ಕೆಲಸಕ್ಕೆ ಬಾರದ ಹುಡುಗ, ಯಾವುದೂ ತಲೆಯಲ್ಲಿ ಉಳಿಯುವುದಿಲ್ಲ. ಖರ್ಚಂತೂ ಇಲ್ಲ, ಹರಕೆ ಆಟಕ್ಕೆ ಟಿಕೆಟ್ ಇಲ್ಲ. ಬೇಕಾದವರು ಬೇಗ ನೋಡಿ, ಪತ್ತನಾಜೆ, ಅಂದರೆ ಮೇಳಗಳ ತಿರುಗಾಟ ಮುಗಿಯುವ ದಿನ, ಹತ್ತಿರ ಬಂತು. ಮೇ ಕೊನೆಗೆ ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ತಿರುಗಾಟ ನವೆಂಬರಿಗೇ.

ಮಕ್ಕಳಿದ್ದವರಿಗೆ ಇನ್ನೊಂದು: ಗಡ್‌ಬಡ್. ಮಂಗಳೂರಿಗೆ ಬಂದರೆ 1975ರಿಂದ ಇರುವ ಐಡಿಯಲ್, ಉಡುಪಿಯಲ್ಲಾದರೆ ಡಯಾನಾ. ಉದ್ದ ಗ್ಲಾಸಿನಲ್ಲಿ ಐಸ್‌ಕ್ರೀಮ್, ಜೆಲ್ಲಿ, ಹಣ್ಣು, ಗೇರುಬೀಜ, ಪುನಃ ಐಸ್‌ಕ್ರೀಮ್. ಒಬ್ಬರಿಗೆ ಒಂದು ಪೂರ್ತಿ ಬೇಕು, ಹಂಚಿಕೊಂಡು ತಿನ್ನುವ ಪದಾರ್ಥ ಅದಲ್ಲ.

ಲೆಕ್ಕಾಚಾರ

ಮೇಡಂ ಬರೆದದ್ದನ್ನು ಮತ್ತೆ ಓದಿದೆ. "ಏನನ್ನು ತಗೊಂಡು ಹೋಯ್ತು" ಅನ್ನೋ ಪ್ರಶ್ನೆ ಒಪ್ಪುತ್ತೇನೆ. ಆದರೆ ಕೆಲವರಿಂದ ಈ ಕಷ್ಟಕಾಲ ತಗೊಂಡು ಹೋಗೋದೇ ಧೈರ್ಯವನ್ನು. ನನ್ನ ತಂದೆ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಹನ್ನೊಂದಕ್ಕೆ ಔಷಧಿಗೆ ದುಡ್ಡು ಹೊಂದಿಸಲು ಓಡಾಡಿದವನು ನಾನು. ಎಲ್ಲ ಮುಗಿದ ಮೇಲೆ ಒಂದು ಸಣ್ಣ ಠೇವಣಿ ಇಟ್ಟೆ. ಆ ರಸೀದಿ ಕೈಗೆ ಬಂದ ದಿನ ನಾನು ಚೆನ್ನಾಗಿ ನಿದ್ದೆ ಮಾಡಿದೆ. ನನಗೆ ಅದೇ ಉಡುಗೊರೆ. ಹಾಗಾಗಿ ಉಳಿತಾಯದ ಮಾತನ್ನು ಪೂರ್ತಿ ತೆಗೆದುಹಾಕಬೇಡಿ.

ಪಾಠದ ಮೇಡಂ

ಖಂಡಿತ ಇಲ್ಲ ಸರ್. ನಿಮಗೆ ಬೇಕಾಗಿದ್ದದ್ದು ಅದೇ, ನೀವು ತಗೊಂಡದ್ದೂ ಅದನ್ನೇ. ಬೆಣ್ಣೆನಗರಿ ಅವರ ಮನೆಯಲ್ಲಿ ದುಡ್ಡಿನ ಭಯ ಇದ್ದಂತೆ ಅವರು ಎಲ್ಲೂ ಬರೆದಿಲ್ಲ, ಅಷ್ಟೇ ವ್ಯತ್ಯಾಸ.

ಅಪ್ಪನ ಮಗ

ಇಷ್ಟು ಹೊತ್ತು ಓದ್ತಾ ಇದ್ದೆ. ಬೆಣ್ಣೆನಗರಿ ಅವರ ಎರಡನೇ ಬರಹ ನೋಡಿದ ಮೇಲೆ ಬರೀಲೇಬೇಕು ಅನ್ನಿಸಿತು. ನಮ್ಮಪ್ಪನಿಗೂ ಬೈಪಾಸ್ ಆಗಿತ್ತು. ಆಗ ನನ್ನ ಹೆಂಡತಿ ಮಾಡಿದ್ದನ್ನ ಕಣ್ಣಾರೆ ಕಂಡಿದ್ದೀನಿ. ಅವಳು ತವರಿಗೆ ಹೋಗಿ ನಾಲ್ಕು ದಿನ ಇದ್ದು ಬರಲಿ ಅಂತ ನಾನು, ನನ್ನ ತಮ್ಮ ಕೂತು ಮಾತಾಡಿ ವ್ಯವಸ್ಥೆ ಮಾಡಿದ್ವಿ. ಹೇಗೆ ಅಂತ ಹೇಳ್ತೀನಿ, ನಿಮ್ಮ ಯಜಮಾನರಿಗೆ ಓದಿಸಿ.

ಒಂದು ಬಿಳಿ ಹಾಳೆ ಮೇಲೆ ಮಾತ್ರೆಗಳ ಪಟ್ಟಿ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ; ಊಟಕ್ಕೆ ಮುಂಚೆಯೋ ಆಮೇಲೋ. ಇದನ್ನ ಹೆಂಡತಿ ಬರೆಯೋದಲ್ಲ. ಡಾಕ್ಟರ ಚೀಟಿ ನೋಡಿ ಮಗ ಬರೀಬೇಕು. ಬರೆದಾಗಲೇ ತಲೆಗೆ ಹೋಗೋದು. ಅದನ್ನ ಫ್ರಿಜ್ ಬಾಗಿಲಿಗೆ ಅಂಟಿಸಿದ್ವಿ. ಅವಳು ಹೊರಡೋ ಹಿಂದಿನ ವಾರವೇ ಮಾತ್ರೆ ಕೊಡೋದು, ಬಿಪಿ ನೋಡಿ ಬರೆದಿಡೋದು, ಉಪ್ಪು ಕಡಿಮೆ ಸಾರು ಮಾಡೋದು ನಾನು ಶುರು ಮಾಡಿದೆ. ಅವಳು ಮನೇಲಿದ್ದಳು, ಆದ್ರೆ ಕೈ ಹಾಕಲಿಲ್ಲ. ಅಪ್ಪನಿಗೂ ಅಭ್ಯಾಸ ಆಯ್ತು, ಅವಳಿಗೂ ನಂಬಿಕೆ ಬಂತು. ಹೊರಟ ಮೇಲೆ ಫೋನ್ ಮಾಡೋದು ನನ್ನ ಕೆಲಸ, ರಾತ್ರಿ ಒಂದೇ ಸಲ, "ಎಲ್ಲ ಸರಿ ಇದೆ" ಅಂತ. ಏನು ಎಲ್ಲಿದೆ ಅಂತ ಕೇಳೋಕೆ ಫೋನ್ ಮಾಡೋ ಹಾಗಿಲ್ಲ ಅಂತ ತಮ್ಮನಿಗೂ ಹೇಳಿದ್ದೆ.

ನಿಮ್ಮ ಯಜಮಾನರು "ನಿನಗೆ ಅಂತ ತಗೋ" ಅಂದಿದ್ದಾರಲ್ಲ, ಒಳ್ಳೆ ಮನುಷ್ಯರು. ಇದನ್ನೂ ಮಾಡ್ತಾರೆ. ಅವರ ತಂದೆಯವರು ಅಲ್ವಾ.

ರಾತ್ರಿಪಾಳಿ

ಅಪ್ಪನ ಮಗ ಬರೆದದ್ದಕ್ಕೆ ಒಂದು ಸೇರಿಸ್ತೀನಿ. ಬೈಪಾಸ್‌ನಲ್ಲಿ ಸೀಳಿದ ಎದೆಮೂಳೆ ಕೂಡಿಕೊಳ್ಳೋಕೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು. ಅಲ್ಲಿವರೆಗೆ ಭಾರ ಎತ್ತಬಾರದು, ಒಂದು ಪಕ್ಕಕ್ಕೆ ಕೈಯೂರಿ ಏಳಬಾರದು ಅಂತೆಲ್ಲ ಇರುತ್ತೆ. ನಿಮ್ಮ ಮಾವನವರಿಗೆ ಆ ಹಂತ ದಾಟಿದೆ, ನಡೀತಿದ್ದಾರೆ ಅಂತ ನೀವೇ ಬರೆದಿದ್ದೀರಿ. ಮುಂದಿನ ತಪಾಸಣೆಯಲ್ಲಿ ಡಾಕ್ಟರನ್ನ ಒಂದು ಮಾತು ಕೇಳಿ: ಎರಡು ದಿನ ನಾನಿಲ್ಲದಿದ್ರೆ ಏನಾದ್ರೂ ವಿಶೇಷ ಎಚ್ಚರಿಕೆ ಬೇಕಾ ಅಂತ. ಅವರ ಬಾಯಿಂದ ಉತ್ತರ ಬಂದ್ರೆ ನಿಮ್ಮ ಮನಸ್ಸು ಹಗುರ ಆಗುತ್ತೆ.

ಹೊರನಾಡು

ನಾನು ಕೆಲಸಕ್ಕೆ ಅಂತ ಅಬುಧಾಬಿಯಲ್ಲಿದ್ದೀನಿ. ಊರು ಹೊಸಪೇಟೆ ಹತ್ತಿರ. ಇಲ್ಲಿ ಒಂದು ಪ್ರಾಜೆಕ್ಟ್ ಮುಗಿದರೆ ಸ್ನೇಹಿತರೆಲ್ಲ ಮಾಲ್‌ಗೆ ಹೋಗಿ ವಾಚು, ಫೋನು ತಗೊಳ್ತಾರೆ. ನಾನು ಮಾಡೋದು ಬೇರೆ. ಊರಿಂದ ತಂದ ಜೋಳದ ಹಿಟ್ಟು ಇಟ್ಟಿರ್ತೀನಿ. ಒಂದು ಶನಿವಾರ ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿ, ಶೇಂಗಾ ಚಟ್ನಿ, ಹಸಿ ಈರುಳ್ಳಿ ಇಟ್ಕೊಂಡು ನೆಲದ ಮೇಲೆ ಕೂತು ಊಟ ಮಾಡ್ತೀನಿ. ಆಮೇಲೆ ಅವ್ವನಿಗೆ ಫೋನ್. ಆತುರ ಇಲ್ಲದೆ ಮಾತಾಡ್ತೀನಿ. ಅವಸರದ ದಿನಗಳಲ್ಲಿ ಅವ್ವನ ಜೊತೆ "ಹೂಂ, ಆಮೇಲೆ ಮಾಡ್ತೀನಿ" ಅನ್ನೋದೇ ಆಗಿರುತ್ತೆ. ಬೆಣ್ಣೆನಗರಿ ಅಕ್ಕ, ನಿಮ್ಮ ಅಮ್ಮನ ಸೀರೆ ತೆಗೆದು ನೋಡಿದೆ ಅಂದ್ರಿ. ಅಮ್ಮ ಇದ್ದರೆ ಅವರ ಹತ್ತಿರ ಹೋಗಿ ಬರಬಹುದಲ್ಲ?

ಬೆಣ್ಣೆನಗರಿ

ಹೊರನಾಡು ಅವರೇ, ಅಮ್ಮ ಇಲ್ಲ. ಅವರ ಸೀರೆಗಳು ನನ್ನ ಹತ್ತಿರ ಇವೆ. ನೀವು ಕೇಳಿದ್ದಕ್ಕೆ ಬೇಜಾರಿಲ್ಲ.

ಅಪ್ಪನ ಮಗ ಅವರ ಬರಹ ನಮ್ಮ ಮನೆಯವರಿಗೆ ಓದಿಸಿದೆ. ಅವರು ಏನೂ ಮಾತಾಡಲಿಲ್ಲ. ಮಾತ್ರೆ ಡಬ್ಬಿ ತಗೊಂಡು ಬಂದು ಮೇಜಿನ ಮೇಲೆ ಸುರಿದು, ಚೀಟಿ ಇಟ್ಕೊಂಡು ಬರೆಯೋಕೆ ಶುರು ಮಾಡಿದ್ರು. ಈಗ ಕೆಲವು ದಿನದಿಂದ ಬೆಳಗಿನ ಮಾತ್ರೆ, ಬಿಪಿ ಅವರದ್ದೇ. ಮಾವನವರು "ಇವನು ಅಳೆದಾಗ ಬಿಪಿ ಕಡಿಮೆ ಬರುತ್ತೆ" ಅಂತ ಹೇಳ್ಕೊಂಡು ಓಡಾಡ್ತಿದ್ದಾರೆ. ಡಾಕ್ಟರನ್ನೂ ಕೇಳಿದೆ. ಧಾರಾಳವಾಗಿ ಹೋಗಿ ಬನ್ನಿ ಅಂದ್ರು.

ಮೇಡಂ ಕೇಳಿದ ಪ್ರಶ್ನೆ ಬಹಳ ಕಾಡಿತು. ನನ್ನಿಂದ ಹೋಗಿದ್ದು ಏನು? ನಿದ್ದೆ ಈಗ ಆಗ್ತಿದೆ. ಊಟ ಆಗ್ತಿದೆ. ಹೋಗಿದ್ದು ನನ್ನನ್ನ ಹೆಸರು ಹಿಡಿದು ಕರೆಯೋರ ಜೊತೆ ಕೂತು ಮಾತಾಡೋದು. ಮನೆಯಲ್ಲಿ ನಾನು ಅಮ್ಮ, ಸೊಸೆ. ಕಚೇರಿಯಲ್ಲಿ ಮೇಡಂ. ನನ್ನ ಡಿಗ್ರಿ ಗೆಳತಿ ಧಾರವಾಡದಲ್ಲಿ ಟೀಚರ್. ಆಸ್ಪತ್ರೆಯಲ್ಲಿದ್ದಾಗ ಅವಳು ಫೋನ್ ಮಾಡಿದಾಗಲೆಲ್ಲ ಆಮೇಲೆ ಅಂತ ಇಟ್ಟಿದ್ದೆ. ನಿನ್ನೆ ಅವಳಿಗೆ ಮಾಡಿದೆ. "ನೀನು ಬಂದ್ರ ಎರಡು ದಿನ ನಾ ಅಡುಗಿ ಮಾಡ್ತೇನಿ, ನೀ ಒಂದು ಲೋಟ ಸೈತ ತೊಳಿಯೂ ಹಂಗಿಲ್ಲ" ಅಂದಳು. ಫೋನಿಟ್ಟ ಮೇಲೆ ಅತ್ತುಬಿಟ್ಟೆ, ಸಂತೋಷಕ್ಕೆ.

ಮುಂದಿನ ಶನಿವಾರ ಬೆಳಿಗ್ಗೆ ರೈಲಿಗೆ ಹೊರಡ್ತೀನಿ, ಸೋಮವಾರ ಸಂಜೆ ವಾಪಸ್. ಇಳಕಲ್ ಸೀರೆ ಅವಳ ಜೊತೆ ಹೋಗಿ ಆರಿಸ್ತೀನಿ. ಧಾರವಾಡದಾಕಿ ಅವರೇ, ಇನ್ನು ನಿಮ್ಮೂರಿನ ವಿಷಯ ನೀವೇ ಹೇಳ್ಬೇಕು.

ಧಾರವಾಡದಾಕಿ

ಬರ್ರಿ ಅಕ್ಕಾರ, ಬರ್ರಿ! ಓದಿ ಭಾಳ ಖುಷಿ ಆತು.

ಹುಬ್ಬಳ್ಳಿ ಸ್ಟೇಷನ್ ದಾಟಬೇಕಾದ್ರ ಕಿಟಕ್ಯಾಗ ನೋಡ್ರಿ, 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಐತಿ. 2023ರಾಗ ಉದ್ಘಾಟನೆ ಆದಾಗ ಜಗತ್ತಿನ್ಯಾಗ ಎಲ್ಲಾಕ್ಕಿಂತ ಉದ್ದಂದು ಅಂದ್ರು. ಧಾರವಾಡಕ್ಕ ಇಳದ ಮ್ಯಾಲೆ ಮೊದಲ ದಿನ ಎಲ್ಲೂ ಹೋಗಬ್ಯಾಡ್ರಿ, ಗೆಳತಿ ಮನ್ಯಾಗ ಕುಂತು ಮಾತಾಡ್ರಿ. ಸಂಜಿಕ ಇಬ್ಬರೂ ಸಾಧನಕೇರಿ ಕಡೆ ನಡಕೋತ ಹೋಗ್ರಿ, ಬೇಂದ್ರೆ ಅಜ್ಜಾರ ಮನಿ ಅಲ್ಲೇ ಐತಿ. ಕೆರಿ ದಂಡಿಗೆ ಕುಂಡ್ರಾಕ ಛಲೋ ಜಾಗಾ. ಓದೂ ಹವ್ಯಾಸ ಇತ್ತಂದ್ರ ಸುಭಾಸ ರಸ್ತೆದಾಗ ಮನೋಹರ ಗ್ರಂಥಮಾಲೆ ಅಟ್ಟ ಐತ್ರಿ, 1933ರಾಗ ಶುರು ಆದ ಪ್ರಕಾಶನ. ಕನ್ನಡದ ದೊಡ್ಡ ದೊಡ್ಡ ಸಾಹಿತಿಗೋಳು ಹತ್ತಿ ಇಳದ ಮೆಟ್ಟಲಾ ಅವು. ಭಾನುವಾರ ಬಾಗಲಾ ತಗದಿರತೈತೋ ಇಲ್ಲೋ ಗೆಳತಿಗೆ ಕೇಳಕೋರಿ.

ಸೀರಿ ತಗೊಳ್ಳಾಕ ಸೋಮವಾರ ಮುಂಜಾನೆ ಹೋಗ್ರಿ. ಗದ್ದಲಾ ಕಡಿಮಿ, ಅಂಗಡಿಯವರೂ ನಿರಾಳಾಗಿ ತೋರಸ್ತಾರ. ಹಗಲು ಬೆಳಕಿನ್ಯಾಗ ಹಿಡದು ಬಣ್ಣ ನೋಡ್ರಿ, ದೀಪದ ಬೆಳಕಿನ್ಯಾಗ ಕೆಂಪು ಬ್ಯಾರೆ ಕಾಣತೈತಿ. ಪೇಡೆ ಲೈನ್ ಬಜಾರದಾಗ ಠಾಕೂರರ ಅಂಗಡ್ಯಾಗ. ಮನಿಗೆ ಒಂದು ಡಬ್ಬಿ ಕಟ್ಟಸ್ರಿ, ಮಾವನವರಿಗೆ ಮಾತ್ರ ಡಾಕ್ಟರು ಹೇಳಿದಷ್ಟ. ನಿಮಗಂತ ಒಂದು ಸಣ್ಣ ಡಬ್ಬಿ ಬ್ಯಾರೆ, ರೈಲಿನ್ಯಾಗ ತಿನ್ನಾಕ.

ಇನ್ನೊಂದು ಆಸೆ ನಂದು. ಗೆಳತಿ ಓಣ್ಯಾಗ ಯಾರರ ಕಸೂತಿ ಹಾಕೋರು ಇದ್ದಾರ ಕೇಳಿ ನೋಡ್ರಿ. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಅಂತ ನಾಕ ಹೊಲಿಗಿ. ಎಳಿ ಎಣಿಸಿ ಎಣಿಸಿ ಹಾಕಬೇಕು, ಗಂಟು ಹಾಕೂ ಹಂಗಿಲ್ಲ. ಗವಂತಿ ಒಂದನ್ನ ಕಲತ್ರೂ ಸಾಕು, ಮನಿಗೆ ಹೋದ ಮ್ಯಾಲೆ ಸಂಜಿಕ ಅರ್ಧಾ ತಾಸು ಕೈಗೆ ಕೆಲಸ, ತಲಿಗೆ ವಿಶ್ರಾಂತಿ. ಮೇಡಂ ಅವರು ಮೂರನೇದಂತ ಹೇಳಿದ್ರಲ್ಲ, ಅದು ಇದ ನೋಡ್ರಿ.

ಮೌಲ್ಯಮಾಪನ ಮುಗಿಸಿದವ

ಇದೇ ಚರ್ಚೆಯಲ್ಲಿ ನನ್ನದೂ ಒಂದು ಪ್ರಶ್ನೆ. ಅತಿಥಿ ಉಪನ್ಯಾಸಕ, ಚನ್ನಗಿರಿ ಕಡೆಯವನು. ಪರೀಕ್ಷೆ ಕೆಲಸ, ಉತ್ತರ ಪತ್ರಿಕೆ ತಿದ್ದೋದು ಎಲ್ಲ ಮುಗಿಸಿ ಮನೆಗೆ ಬಂದಿದ್ದೀನಿ. ಗೌರವಧನ ಇನ್ನೂ ಬರಬೇಕು. ಐನೂರು ರೂಪಾಯಿಯಲ್ಲಿ ಏನಾದರೂ ಆಗುತ್ತಾ? ನನ್ನಿಂದ ಹೋಗಿದ್ದು ಏನು ಅಂತ ನನಗೆ ಗೊತ್ತು. ಒಂದೇ ಉತ್ತರವನ್ನು ದಿನವಿಡೀ ಓದಿ ಓದಿ ಕಣ್ಣು, ತಲೆ ಎರಡೂ ಸೋತಿವೆ. ಅಕ್ಷರ ಇಲ್ಲದ ಏನಾದರೂ ಬೇಕು.

ಘಟ್ಟದ ಗಾಡಿ

ನಿಮ್ಮ ಮನೆ ಹತ್ತಿರವೇ ಇದೆಯಲ್ಲ ಸರ್, ಸಂತೇಬೆನ್ನೂರು! ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ 16ನೇ ಶತಮಾನದ ಪುಷ್ಕರಣಿ. ನಡುವೆ ವಸಂತ ಮಂಟಪ, ಸುತ್ತ ಕಲ್ಲಿನ ಮೆಟ್ಟಿಲು. ಬಿಸಿಲು ಏರುವ ಮುಂಚೆ, ಏಳು ಗಂಟೆಗೆಲ್ಲ ಅಲ್ಲಿರಿ. ಹತ್ತಕ್ಕೆ ಅಲ್ಲಿಂದ ಎದ್ದು ಸೂಳೆಕೆರೆಗೆ ಹೋಗಿ. ಕಣ್ಣಿಗೆ ದೂರ ನೋಡುವ ಕೆಲಸ ಸಿಗಬೇಕೆಂದರೆ ಅಷ್ಟು ದೊಡ್ಡ ನೀರು ಈ ಬಯಲುಸೀಮೆಯಲ್ಲಿ ಬೇರೆಲ್ಲಿದೆ? ಏರಿ ಮೇಲೆ ನಿಂತು ಎದುರು ದಡ ನೋಡಿ. ಬೈಕಿದ್ದರೆ ಪೆಟ್ರೋಲಿಗೆ ಇನ್ನೂರು, ಉಳಿದದ್ದು ಊಟಕ್ಕೆ.

ರಾತ್ರಿಪಾಳಿ

ಟೋಪಿ, ನೀರಿನ ಬಾಟಲಿ ಮರೀಬೇಡಿ ಸರ್, ಮೇ ಬಿಸಿಲು. ಉಳಿದ ದುಡ್ಡಿಗೆ ಬಾದಾಮಿ ಮಾವಿನಹಣ್ಣು ತಗೊಳ್ಳಿ, ಮಳೆ ಬಿದ್ದರೆ ಆ ರುಚಿ ಇರಲ್ಲ.

ಮೌಲ್ಯಮಾಪನ ಮುಗಿಸಿದವ

ಸಂತೇಬೆನ್ನೂರಿಗೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದು ಬಿಟ್ಟರೆ ಒಬ್ಬನೇ ಹೋಗಿ ಕೂತದ್ದೇ ಇಲ್ಲ. ನಾಳೆ ಬೆಳಿಗ್ಗೆಯೇ ಹೋಗುತ್ತೇನೆ. ಅಣ್ಣನ ಬೈಕ್ ಕೇಳಿದ್ದೇನೆ, ಕೊಡುತ್ತೇನೆ ಅಂದಿದ್ದಾನೆ.

ಬೆಣ್ಣೆನಗರಿ

ಸರ್, ಸೂಳೆಕೆರೆ ಏರಿ ಹತ್ತಿರ ಮೀನೂಟ ಮಾಡಿಕೊಡ್ತಾರೆ ಅಂತ ನಮ್ಮ ಕಚೇರಿಯವರು ಹೇಳ್ತಿರ್ತಾರೆ, ತಿನ್ನೋರಾದ್ರೆ ವಿಚಾರಿಸಿ ನೋಡಿ. ಧಾರವಾಡದಾಕಿ ಅವರೇ, ಒಂದು ಕೊನೇ ಪ್ರಶ್ನೆ: ಕೆಂಪು ಸೆರಗಿನ ಬಣ್ಣ ಮೊದಲ ಸಲ ಒಗೆದಾಗ ಒಡಲಿಗೆ ಹತ್ತಲ್ವಾ?

ಧಾರವಾಡದಾಕಿ

ಮೊದಲನೇ ಸಲ ಸೆರಗನ್ನ ಒಡಲಿಗೆ ತಾಗದಂಗ ಹಿಡದು ತಣ್ಣೀರಾಗ ಒಂದ ಸಲ ಅದ್ದಿ ತಗೀರಿ, ನೆನಿ ಹಾಕಬ್ಯಾಡ್ರಿ. ಸೋಪಿನ ಪುಡಿ ಬ್ಯಾಡ, ಅಂಟವಾಳದ ನೀರು ಸಾಕು. ಹಿಂಡಬ್ಯಾಡ್ರಿ, ನೆರಳಿಗೆ ಹಾಕ್ರಿ. ಅಪ್ಪಟ ರೇಷ್ಮಿ ಸೆರಗಿದ್ರ ಮೊದಲ ಎರಡು ಸಲ ಡ್ರೈಕ್ಲೀನ್‌ಗೆ ಕೊಟ್ರ ಇನ್ನೂ ಛಲೋ. ತಗೊಂಡ ಮ್ಯಾಲೆ ದಡಿ ಯಾವುದು ಆರಿಸಿದ್ರಿ ಅಂತ ಇಲ್ಲೆ ಬರೀರಿ.